ಕುದಿಯದ ನೀರು

ಉಚ್ಚಿಲದ ಕುಶಲಾ ಎಸ್ಸೆಸ್ಸೆಲ್ಸಿ ಪಾಸಾಗಿ ಎರಡು ವರ್ಷ ಮನೆಯಲ್ಲಿ ಬೀಡಿ ಕಟ್ಟಿದ ಮೇಲೆ, ೧೯೭೮ರಲ್ಲಿ ಉಡುಪಿಯ ಒಂದು ತರಬೇತಿ ಕೇಂದ್ರಕ್ಕೆ ಸೇರಿದಳು. ಡಾಕ್ಟರರ ಸಹಾಯಕಿಯರನ್ನು ತಯಾರು ಮಾಡುವ ಒಂದು ವರ್ಷದ ಕೋರ್ಸು. ಆರು ತಿಂಗಳು ಪಾಠ, ಆರು ತಿಂಗಳು ಯಾವುದಾದರೂ ಕ್ಲಿನಿಕ್ಕಿನಲ್ಲಿ ಕೆಲಸ. ಮಟ್ಟುವಿನಿಂದ ಬರುತ್ತಿದ್ದ ಹುಡುಗಿಯೊಬ್ಬಳು ಚೀಲದಲ್ಲಿ ಗುಳ್ಳಬದನೆ ತರುತ್ತಿದ್ದಳು. ಅದಕ್ಕೆ ಚುಚ್ಚಿ ಚುಚ್ಚಿಯೇ ಹದಿನಾಲ್ಕು ಮಂದಿ ಸೂಜಿ ಹಿಡಿಯಲು ಕಲಿತರು. ಎಲ್ಲರಲ್ಲಿ ಕುಶಲಾಳ ಕೈ ಹಗುರ ಎಂದು ಪಾಠ ಹೇಳುವ ಲೊರ್ನಾ ಟೀಚರ್ ಮೊದಲ ತಿಂಗಳೇ ಹೇಳಿದ್ದರು.

ಕೆಲಸಕ್ಕೆ ಅವಳನ್ನು ಬೆಳ್ಮಣ್ಣಿನ ವಿಷ್ಣುಮೂರ್ತಿ ಡಾಕ್ಟರರಲ್ಲಿಗೆ ಕಳುಹಿಸಿದರು. ಡಾಕ್ಟರರು ಕೆಟ್ಟವರಲ್ಲ. ಕರೆದರೆ ಗದ್ದೆಯ ಹುಣಿಯಲ್ಲಿ ನಡೆದುಕೊಂಡೇ ಹೋಗಿ ಹೆರಿಗೆ ಮಾಡಿಸಿ ಬರುತ್ತಿದ್ದರು. ಆದರೆ ಬಂದವರಿಗೆಲ್ಲ ಇಂಜೆಕ್ಷನ್ ಬೇಕು, ಹಿಂದಿರುಗುವ ಬಸ್ಸೂ ಸಿಗಬೇಕು. ಕ್ಲಿನಿಕ್ಕಿನಲ್ಲಿದ್ದದ್ದು ಮೂರು ಗಾಜಿನ ಸಿರಿಂಜು, ಎಂಟು ಸೂಜಿ, ಒಂದು ಸೀಮೆಎಣ್ಣೆ ಸ್ಟವ್. ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಇಪ್ಪತ್ತು ನಿಮಿಷ ಕುದಿಸಿಯೇ ಇನ್ನೊಬ್ಬರಿಗೆ ಚುಚ್ಚಬೇಕೆಂದು ಮೊದಲ ದಿನ ಅವಳು ಪಾಠ ಒಪ್ಪಿಸಿದಾಗ ಡಾಕ್ಟರರು ನಕ್ಕುಬಿಟ್ಟರು.

“ನಿಮ್ಮ ಟೀಚರಿಗೆ ಹೊರಗೆ ನಲವತ್ತು ಜನ ಕಾಯುವುದಿಲ್ಲ ಅಲ್ವಾ? ಬಿಸಿನೀರಿಗೆ ಅದ್ದಿ ತೆಗೆ, ಸಾಕು.”

ಒಂದು ವಾರ ಅವಳು ಹಟ ಹಿಡಿದಳು. ಮೂರನೆಯ ವಾರಕ್ಕೆ ಹೇಳುವುದನ್ನೇ ಬಿಟ್ಟಳು. ಆಮೇಲೆ ಆ ಚುರುಕು ಅವಳಿಗೂ ಹಿಡಿಸಿತು. ಜನ ಅವಳನ್ನು ಬಾಯಮ್ಮ ಎಂದು ಕರೆಯತೊಡಗಿದರು. ಇನ್ನೂ ಪರೀಕ್ಷೆಯೇ ಆಗದವಳಿಗೆ ನರ್ಸಮ್ಮನ ಮರ್ಯಾದೆ. ಬಾಣಂತನದ ನಿಶ್ಶಕ್ತಿಗೆ ಸೂಜಿ ಹಾಕಿಸಿಕೊಳ್ಳಲು ಬರುತ್ತಿದ್ದ ಬೇಬಿ ಎಂಬ ಹೆಂಗಸಂತೂ ಕುಶಲಾಳಲ್ಲದೆ ಬೇರೆಯವರಿಗೆ ತೋಳು ಕೊಡುತ್ತಿರಲಿಲ್ಲ. ಅವಳು ಒಳಗೆ ಬಂದರೆ ಅವಳ ಗಂಡ, ಸುಂದರ ಎಂಬವನು, ಎಳೆಗೂಸನ್ನು ಎತ್ತಿಕೊಂಡು ಜಗಲಿಯಲ್ಲಿ ನಿಲ್ಲುತ್ತಿದ್ದ.

ನಾಲ್ಕನೆಯ ತಿಂಗಳಲ್ಲಿ ಊರಿಗೆ ಕಾಮಾಲೆ ಬಂತು. ಒಬ್ಬೊಬ್ಬರಾಗಿ ಹನ್ನೊಂದು ಮಂದಿ, ಅವರಲ್ಲಿ ಬೇಬಿಯೂ ಒಬ್ಬಳು. ನಾಟಿ ಮದ್ದಾಯಿತು, ಪಥ್ಯವಾಯಿತು, ಕೊನೆಗೆ ಮಣಿಪಾಲಕ್ಕೆ ಕೊಂಡೊಯ್ದರು. ಎಂಟನೆಯ ದಿನ ಅವಳು ತೀರಿಕೊಂಡಳು.

ಡಾಕ್ಟರರು ಊಟಕ್ಕೆ ಹೋಗಿದ್ದ ಒಂದು ಮಧ್ಯಾಹ್ನ ಕುಶಲಾ ರಿಜಿಸ್ಟರ್ ತೆರೆದು ಹಿಂದಿನ ಪುಟಗಳನ್ನು ನೋಡುತ್ತಾ ಹೋದಳು. ಹನ್ನೊಂದರಲ್ಲಿ ಒಂಬತ್ತು ಮಂದಿ ಒಂದೇ ವಾರ ಸೂಜಿ ಹಾಕಿಸಿಕೊಂಡವರು. ಆ ವಾರದ ಮೊದಲ ಹೆಸರು ಚಂದು, ಮುಂಬಯಿಯ ಹೋಟೆಲಿನಿಂದ ಕಾಯಿಲೆಬಿದ್ದು ಬಂದವನು. ಅವನ ಕಣ್ಣು ಹಳದಿಯಾಗಿದ್ದುದು ಅವಳಿಗೆ ಚೆನ್ನಾಗಿ ನೆನಪಿತ್ತು. ಅವನ ಮುಂದಿನ ಸಾಲಿನಲ್ಲೇ ಬೇಬಿಯ ಹೆಸರು, ತನ್ನದೇ ಅಕ್ಷರದಲ್ಲಿ.

ಉಡುಪಿಗೆ ಹೋಗಿ ಲೊರ್ನಾ ಟೀಚರ್ ಮುಂದೆ ಎಲ್ಲ ಹೇಳಿದಳು. ಟೀಚರ್ ಬಾಗಿಲು ಮುಂದೆ ಮಾಡಿ ಬಂದು ಕೂತರು. “ನೀನು ಹೇಳುವುದು ಸರಿ ಉಂಟು,” ಎಂದರು. “ಆದರೆ ಈ ಸಲ ನಿಮಗೆ ಪರೀಕ್ಷಕರು ವಿಷ್ಣುಮೂರ್ತಿ ಡಾಕ್ಟರರೇ. ಮತ್ತೆ, ಚುಚ್ಚಿದ್ದು ಯಾರು ಅಂತ ಕೇಳಿದರೆ ಎಂತ ಹೇಳ್ತಿ?”

ಡಾಕ್ಟರರಿಗೂ ಹೇಳಿದಳು. ಅವರು ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಒರೆಸಿ, “ನೀರು ಕುದಿಸುವುದು ನಿನ್ನ ಕೆಲಸ ಅಲ್ವಾ ಕುಶಲಾ?” ಎಂದಷ್ಟೇ ಕೇಳಿದರು. ಮರುದಿನ ಕ್ಲಿನಿಕ್ಕಿಗೆ ಎರಡನೆಯ ಸ್ಟವ್ ಬಂದಿತ್ತು. ಹಳೆಯ ರಿಜಿಸ್ಟರ್ ಮೇಜಿನ ಮೇಲೂ ಇರಲಿಲ್ಲ, ಕಪಾಟಿನಲ್ಲೂ ಇರಲಿಲ್ಲ.

ಮೌಖಿಕ ಪರೀಕ್ಷೆಯ ದಿನ ಅವಳ ಎದುರು ಕೂತವರು ಅವರೇ. ಸೂಜಿಯನ್ನು ಎಷ್ಟು ಹೊತ್ತು ಕುದಿಸಬೇಕೆಂದು, ಯಾವ ಅಳುಕೂ ಇಲ್ಲದೆ, ಎಲ್ಲರನ್ನೂ ಕೇಳಿದಂತೆ ಅವಳನ್ನೂ ಕೇಳಿದರು. ಇಪ್ಪತ್ತು ನಿಮಿಷ ಎಂದಳು.

“ಕಡಿಮೆಯಾದರೆ?”

“ಜನ ಸಾಯ್ತಾರೆ ಸಾರ್.”

ಅವರು ತಲೆಯೆತ್ತದೆ ಅಂಕ ಬರೆದರು. ಕುಶಲಾ ಇಡೀ ತಂಡಕ್ಕೆ ಮೊದಲಿಗಳಾದಳು.

ಸರ್ಟಿಫಿಕೇಟ್ ಸಿಕ್ಕ ವಾರವೇ ಅವಳು ಸುಂದರನ ಮನೆಗೆ ಹೋದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ತನ್ನ ತಪ್ಪನ್ನು ಮೊದಲು, ಡಾಕ್ಟರರದನ್ನು ಆಮೇಲೆ. ಹೇಳಿದರೆ ಎದೆಯ ಭಾರ ಸ್ವಲ್ಪವಾದರೂ ಇಳಿದೀತು ಎಂದುಕೊಂಡಿದ್ದಳು.

“ಅವಳು ಸಾಯುವ ಮುಂಚಿನ ದಿನವೂ ಬಾಯಮ್ಮನನ್ನು ಕರೆಸಿ ಅಂತ ಹೇಳಿದ್ದಳು,” ಎಂದ ಸುಂದರ. “ಡಾಕ್ಟ್ರು ಅವಳ ಉತ್ತರಕ್ರಿಯೆಗೆ ಬಂದು ಎಲೆ ಮುಂದೆ ಕೂತು ಉಂಡು ಹೋಗಿದ್ದಾರೆ. ನೀವು ಬರಲಿಲ್ಲ. ಈಗ ಅವರ ಮೇಲೆ ಹಾಕಲಿಕ್ಕೆ ಬಂದದ್ದಾ?”

ಅವಳು ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕಿಳಿದಳು.

ಬಾಯಮ್ಮನ ಸೂಜಿಯಿಂದ ಬೇಬಿ ಸತ್ತಳೆಂಬ ಸುದ್ದಿ ಕಾರ್ಕಳದಿಂದ ಕಾಪುವರೆಗೆ ಹಬ್ಬಲು ಹೆಚ್ಚು ದಿನ ಬೇಕಾಗಲಿಲ್ಲ. ಅರ್ಧವಂತೂ ನಿಜವೇ ಆದ ಮಾತನ್ನು ಅವಳು ಅಲ್ಲಗಳೆಯಲೂ ಇಲ್ಲ. ಯಾವ ಕ್ಲಿನಿಕ್ಕೂ ಅವಳನ್ನು ಸೇರಿಸಿಕೊಳ್ಳಲಿಲ್ಲ. ವಿಷ್ಣುಮೂರ್ತಿ ಡಾಕ್ಟರರ ಜಗಲಿಯಲ್ಲಿ ಮಾತ್ರ ಜನ ಮೊದಲಿನಷ್ಟೇ ತುಂಬಿರುತ್ತಿದ್ದರು. ಕುಶಲಾ ಕಾಪುವಿನ ಒಂದು ಜವಳಿ ಅಂಗಡಿಯಲ್ಲಿ ಸೀರೆ ಮಡಚುವ ಕೆಲಸಕ್ಕೆ ಸೇರಿದಳು.

೧೯೮೫ರ ಒಂದು ಸಂಜೆ ಕೆಲಸ ಮುಗಿಸಿ ಬಸ್ಸಿನಲ್ಲಿ ಕೂತಿದ್ದಾಗ, ಕಾಪು ಪೇಟೆಯಲ್ಲೇ ಸುಂದರ ಹತ್ತಿದ. ಜೊತೆಯಲ್ಲಿ ಏಳು ವರ್ಷದ ಮಗಳು. ಬಸ್ಸಿನಲ್ಲಿ ಖಾಲಿ ಇದ್ದದ್ದು ಒಂದೇ ಸೀಟು, ಕುಶಲಾಳ ಪಕ್ಕದ್ದು. ಹುಡುಗಿ ಓಡಿ ಬಂದು ಕೂತಳು, ಅವಳನ್ನು ನೋಡಿ ನಕ್ಕಳು. ಥೇಟ್ ಬೇಬಿಯದೇ ಹಲ್ಲಿನ ಸಾಲು. ಕುಶಲಾ ಹೆಸರು ಕೇಳಬೇಕೆನ್ನುವಷ್ಟರಲ್ಲಿ ಸುಂದರ ಮಗಳ ರಟ್ಟೆ ಹಿಡಿದು ಎಬ್ಬಿಸಿ, ಬಾಗಿಲ ಹತ್ತಿರ ತನ್ನ ಕಾಲಿಗೆ ಒರಗಿಸಿ ನಿಲ್ಲಿಸಿಕೊಂಡ. ಮಗು ಕಾಲು ನೋಯುತ್ತದೆಂದು ತುಳುವಿನಲ್ಲಿ ರಗಳೆ ತೆಗೆಯಿತು. ಅವನು ಕೇಳಿಸಿಕೊಳ್ಳಲಿಲ್ಲ.

ಉಚ್ಚಿಲ ಬರುವವರೆಗೂ ಆ ಸೀಟಿನಲ್ಲಿ ಯಾರೂ ಕೂರಲಿಲ್ಲ.