ಬಾಕಿ ಉಳಿದ ಉದ್ದ ಸೀಟಿ

ಬಿಳಿ ಹೊದಿಕೆಯ ಒಂದು ತುದಿ ಲಾಂಡ್ರಿ ಅತ್ತೆಯ ಕೈಯಲ್ಲಿ, ಇನ್ನೊಂದು ತುದಿ ಮಗಳ ಕೈಯಲ್ಲಿ. ಇಬ್ಬರೂ ಎದುರುಬದುರು ನಿಂತು ಹಿಂಡುತ್ತಿದ್ದರೆ ನೀರು ಕಾಲ ಮೇಲೆ ಸುರಿಯುತ್ತಿತ್ತು. ಗಂಡನ ಹೆಣ ನಡುಮನೆಯಲ್ಲಿರುವಾಗ ಹೆಂಡತಿ ಹಿತ್ತಲಲ್ಲಿ ಬಟ್ಟೆ ಒಗೆಯುವುದನ್ನು ಆ ಬೀದಿ ಕಂಡದ್ದು ಅದೇ ಮೊದಲು. ಸಮಾಧಾನ ಹೇಳಲು ಬಂದಿದ್ದ ಪಕ್ಕದ ಮನೆಯ ಟೈಲರಮ್ಮನಿಗೆ ಕಲಿತು ಬಂದ ಮಾತೆಲ್ಲ ಮರೆತುಹೋಯಿತು.

"ಇವತ್ತೊಂದಿನ ಬಿಡಬಾರದಿತ್ತಾ ಅತ್ತೆ?"

"ಅವರು ಕೊನೇಲಿ ಹೊದ್ದಿದ್ದು ಕಣೆ ಇದು. ಒಣಗಿಸಬೇಕು. ಆದ್ರೆ ಸೀಟಿ ಬರೋವರೆಗೂ ತಂತಿ ಮೇಲೆ ಹಾಕಲ್ಲ."

ಸೀಟಿಯ ವಿಷಯ ಆ ಬೀದಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಊರಂಚಿನ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಆರಿ ಮೂರು ವರ್ಷವಾಗಿತ್ತು. ಅಲ್ಲಿ ಬಾಯ್ಲರ್ ನೋಡಿಕೊಂಡಿದ್ದ ಅತ್ತೆಯ ಗಂಡ ಸೀಟಿ ಮಾಮ ಹೋದದ್ದು ನಿನ್ನೆ ಮಧ್ಯಾಹ್ನ, ಹೊಟ್ಟೆತುಂಬ ಉಂಡು, ಹೆಂಡತಿಯನ್ನು ಒಂದು ಸಲ ರೇಗಿಸಿ, ಒರಗಿದಲ್ಲೇ. ಅವನು ಹೇಳಿಟ್ಟಿದ್ದು ಎರಡೇ ಮಾತು. ಜೀವಮಾನವೆಲ್ಲ ಸುಟ್ಟಿದ್ದು ಸಾಕು, ನನ್ನನ್ನು ಮಾತ್ರ ಸುಡಬೇಡಿ, ಮಣ್ಣಿಗಿಡಿ ಎಂಬುದು ಒಂದು. ಬಾಕಿ ಇರುವ ಆ ಉದ್ದ ಸೀಟಿ ಹೊಡೆಸಿ ಎಂಬುದು ಇನ್ನೊಂದು.

* * *

ಬಾಯ್ಲರಿನ ಕೊಳವೆಗಳಿಗೆ ಹಿಡಿದ ಮಸಿಯನ್ನು ದಿನಕ್ಕೊಮ್ಮೆ ಹಬೆಯಿಂದ ಊದಿ ತೆಗೆಯಬೇಕಿತ್ತು. ಊದಿದ್ದೆಲ್ಲ ಚಿಮಣಿಯಿಂದ ಹೊರಟು ಗಾಳಿ ಕರೆದ ಕಡೆಗೆ ಹೋಗಿ ಕೂರುತ್ತಿತ್ತು. ಒಣಹಾಕಿದ ಬಟ್ಟೆ, ಕುಡಿಯುವ ನೀರು, ತೊಟ್ಟಿಲ ಮಗುವಿನ ಕೆನ್ನೆ, ಅದಕ್ಕೆ ಯಾವ ಭೇದವೂ ಇಲ್ಲ. ಒಂದು ದಿನ ಆಸ್ಪತ್ರೆಯ ಮೂವತ್ತು ಹೊದಿಕೆಗಳು ಹೀಗೆ ಹಾಳಾದಾಗ, ಆಗಿನ್ನೂ ಅಪ್ಪನ ಲಾಂಡ್ರಿಯಲ್ಲಿದ್ದ ಅತ್ತೆ ಅಷ್ಟನ್ನೂ ಗಂಟು ಕಟ್ಟಿ ತಲೆಯ ಮೇಲಿಟ್ಟುಕೊಂಡು ಸ್ಥಾವರದ ಗೇಟಿಗೆ ಹೋದಳು. ಊದಿದವನು ಯಾರು ಎಂದು ಕೇಳಿದಳು. ಕಡ್ಡಿಯಂಥ ಯುವಕನೊಬ್ಬ ಮುಂದೆ ಬಂದ. ಗಂಟನ್ನು ಅವನ ಕಾಲಬುಡಕ್ಕೆ ಎಸೆದು, ಒಗಿ, ಎಂದಳು.

ಅವನು ಒಗೆದ. ಪಾಳಿ ಮುಗಿಸಿ ಬಂದು, ಲಾಂಡ್ರಿಯ ಕಲ್ಲಿನ ಮೇಲೆ, ಮೂರು ಸಂಜೆ. ಕೊನೆಯ ಹೊದಿಕೆ ಮುಗಿಯುವಷ್ಟರಲ್ಲಿ ಅವಳ ಸಿಟ್ಟೆಲ್ಲ ಕರಗಿ, ಅವನ ಹಣೆಯ ಬೆವರನ್ನು ತನ್ನ ಹೆಗಲ ಬಿಳಿ ಟವಲಿನಲ್ಲಿ ಒರೆಸುವವರೆಗೆ ಬಂದಿತ್ತು. ಟವಲು ಕಪ್ಪಾಯಿತು.

"ಊದೋದು ನಿಲ್ಸೋಕೆ ನನ್ನ ಕೈಲಾಗಲ್ಲ," ಎಂದ ಅವನು. "ಹೇಳಿ ಊದ್ತೀನಿ. ಎರಡು ಗಿಡ್ಡ ಸೀಟಿ ಅಂದ್ರೆ ಬಟ್ಟೆ ಒಳಗೆ. ಒಂದು ಉದ್ದ ಸೀಟಿ ಅಂದ್ರೆ ಹೊರಗೆ."

ಹೊಸ ಅಧಿಕಾರಿ ಬಂದವನು ಇದೇನು ಸೀಟಿ ಎಂದು ಕೇಳಿದ. ಮಾಮನ ಗೆಳೆಯ ಫಿಟ್ಟರ್ ಮುಖ ಗಂಭೀರ ಮಾಡಿಕೊಂಡು, ಸುರಕ್ಷತೆಯ ಸಂಕೇತ ಸಾರ್, ಎಂದುಬಿಟ್ಟ. ಅಧಿಕಾರಿ ಮೆಚ್ಚಿ, ಅದನ್ನು ಹದಿನಾಲ್ಕನೇ ನಿಯಮವಾಗಿ ಬರೆಸಿ ಗೋಡೆಗೆ ಹಾಕಿಸಿದ. ಮೂವತ್ತೆಂಟು ವರ್ಷ ಇಡೀ ಊರಿನ ಒಳಲಂಗ, ಚಡ್ಡಿಗಳು ಸ್ಥಾವರದ ನಿಯಮದಂತೆ ಒಳಗೆ ಹೊರಗೆ ಓಡಾಡಿದವು.

ಬಟ್ಟೆಯನ್ನೇನೋ ಒಳಗೆ ಕರೆಯಬಹುದಿತ್ತು. ಉಸಿರನ್ನು ಎಲ್ಲಿ ಕರೆಯುವುದು? ಮಕ್ಕಳು ಕೆಮ್ಮಿದರು, ಹೊಳೆ ಕಪ್ಪಾಯಿತು, ಮೀನು ಮಾಯವಾದವು. ಅದು ತನ್ನ ಕೈಯ ಕೆಲಸ ಎಂಬ ಸಂಕಟ ಮಾಮನಿಗೆ ಕೊನೆಯವರೆಗೂ ಇತ್ತು. ಕಡೆಗೆ ಸ್ಥಾವರಕ್ಕೆ ಕಲ್ಲಿದ್ದಲು ಕೊಡುತ್ತಿದ್ದ ಗಣಿ ಬರಿದಾಯಿತು. ಕೊನೆಯ ಬುಟ್ಟಿ ಕಲ್ಲಿದ್ದಲು ಉರಿದ ದಿನ ಮಾಮ ಎರಡು ಗಿಡ್ಡ ಸೀಟಿ ಹೊಡೆದು ಮಸಿ ಊದಿದ. ಮಸಿ ಕೂರುವಷ್ಟರಲ್ಲಿ ಬಾಯ್ಲರ್ ತಣ್ಣಗಾಗಿ, ಸೀಟಿಗೆ ಹಬೆಯೇ ಉಳಿದಿರಲಿಲ್ಲ. ಉದ್ದ ಸೀಟಿಗೆ ಹಗ್ಗ ಜಗ್ಗಿದರೆ ಬಂದದ್ದು ಬರೀ ಫುಸ್.

ನಿಮ್ಮ ಲೆಕ್ಕದಲ್ಲಿ ಬಟ್ಟೆ ಇನ್ನೂ ಒಳಗೇ ಇದೆ ಎಂದು ಅತ್ತೆ ಮೂರು ವರ್ಷ ಅವನ ಕಾಲೆಳೆದಳು. ಅವನೂ ನಗುತ್ತಿದ್ದ. ಆದರೆ ಅದು ಅವನನ್ನು ಒಳಗೊಳಗೇ ಕೊರೆಯುತ್ತಿದೆ ಎಂದು ಅವಳಿಗೆ ಗೊತ್ತಿತ್ತು.

* * *

ಸ್ಥಾವರ ಮುಚ್ಚಿದಾಗ ಗುಜರಿಗೆ ಹೊರಟಿದ್ದ ಸೀಟಿಯನ್ನು ಬಿಚ್ಚಿ ತಂದು ಮಂಚದಡಿ ಬಚ್ಚಿಟ್ಟಿದ್ದ ಫಿಟ್ಟರ್, ಈಗ ಅದನ್ನು ಎದುರಿನ ಪಂಕ್ಚರ್ ಅಂಗಡಿಯ ಕಂಪ್ರೆಸರಿಗೆ ಜೋಡಿಸಿದ್ದ. ಮಾಮನನ್ನು ಹೊತ್ತ ನಾಲ್ವರು ಹೊಸಿಲು ದಾಟಿದರು. ಫಿಟ್ಟರ್ ಹಿಡಿಕೆ ತಿರುಗಿಸಿದ. ಸೀಟಿ ಗಿಡ್ಡಕ್ಕೆ ಒಮ್ಮೆ ಕೂಗಿ ನಿಂತಿತು, ಮತ್ತೊಮ್ಮೆ ಗಿಡ್ಡಕ್ಕೆ ಕೂಗಿತು. ಗಾಳಿ ಖಾಲಿ.

ಎರಡು ಗಿಡ್ಡ ಸೀಟಿ! ಅಳುತ್ತಿದ್ದ ಟೈಲರಮ್ಮ ಎದ್ದು ಓಡಿದಳು. ಹಿಂದೆಯೇ ಬೀದಿಯ ಹೆಂಗಸರೆಲ್ಲ ಓಡಿದರು. ಕಣ್ಣುಮುಚ್ಚಿ ತೆರೆಯುವುದರೊಳಗೆ ತಂತಿಗಳೆಲ್ಲ ಬೋಳಾದವು. ಹೆಣ ಹೊತ್ತವರೂ ಅಭ್ಯಾಸಬಲದಿಂದ ತಿರುಗಿ ಮಾಮನನ್ನು ಮತ್ತೆ ನಡುಮನೆಗೆ ತಂದು ಇಳಿಸಿದರು. ಮೊದಲು ನಕ್ಕವಳು ಮಗಳು. ಆಮೇಲೆ ಯಾರು ನಗಲಿಲ್ಲ ಎಂದು ಹೇಳುವುದೇ ಕಷ್ಟ.

ಅತ್ತೆ ಮಾತ್ರ ನಗಲಿಲ್ಲ. ಒದ್ದೆ ಹೊದಿಕೆಯನ್ನು ಅವುಚಿಕೊಂಡು ಫಿಟ್ಟರನ ಮುಂದೆ ಹೋಗಿ ನಿಂತಳು.

"ಇವತ್ತೂ ಅರ್ಧಕ್ಕೇ ಕಳಿಸ್ತೀಯೇನಪ್ಪಾ ಅವರನ್ನ?"

"ಇಲ್ಲ ಅತ್ತಿಗೆ. ಇದು ಬಿಸಿಲಿನ ಕರೆಂಟಿಂದ ನಡೆಯೋದು. ಆ ಮೋಡ ಒಂದು ಸರೀಲಿ."

ಎಲ್ಲರೂ ಮೋಡವನ್ನು ನೋಡುತ್ತ ನಿಂತರು. ಅದಕ್ಕೆ ಯಾವ ಅವಸರವೂ ಇರಲಿಲ್ಲ. ಬಿಸಿಲಿಗೆ ಕಾಯಬಹುದು, ಅದು ನಾಳೆಯೂ ಬರುತ್ತೆ, ಗಣಿ ಹಾಗಲ್ಲ ಎಂದು ಮಾಮ ಹೇಳುತ್ತಿದ್ದದ್ದು ಅತ್ತೆಗೆ ನೆನಪಾಯಿತು. ಕೊನೆಗೆ ಅಂಗಡಿಯ ಸೂರಿನ ಸೌರಫಲಕಗಳ ಮೇಲೆ ಬಿಸಿಲು ಬಿತ್ತು. ಕಂಪ್ರೆಸರ್ ಗುರುಗುಟ್ಟಿತು. ಒತ್ತಡದ ಮುಳ್ಳು ತುದಿ ಮುಟ್ಟುವವರೆಗೂ ಫಿಟ್ಟರ್ ಕಾದ, ಆಮೇಲೆ ಹಿಡಿಕೆಯನ್ನು ಪೂರ್ತಿ ತಿರುಗಿಸಿದ.

ಸೀಟಿ ಕೂಗಿತು. ಉದ್ದಕ್ಕೆ, ಬೀದಿ ದಾಟಿ, ಹೊಳೆ ದಾಟಿ, ಹೊಗೆಯಿಲ್ಲದ ಚಿಮಣಿಯವರೆಗೆ. ಈಗ ಅತ್ತೆ ನಕ್ಕಳು, ಕಣ್ಣಲ್ಲಿ ನೀರು ಸುರಿಸುತ್ತಲೇ. ಹೊದಿಕೆಯನ್ನು ಬೀದಿಗೆ ಅಡ್ಡಲಾಗಿ ಕಟ್ಟಿದ್ದ ತಂತಿಯ ಮೇಲೆ ಬೀಸಿ ಹಾಕಿದಳು. ಹೆಂಗಸರು ತಂತಮ್ಮ ಬಟ್ಟೆಯೊಂದಿಗೆ ಹೊರಗೆ ಬಂದರು.

ನಾಲ್ವರು ಮಾಮನನ್ನು ಮತ್ತೆ ಹೊತ್ತು, ತಲೆ ಬಗ್ಗಿಸಿ ಆ ಹೊದಿಕೆಯ ಕೆಳಗೆ ಹಾದರು. ಅದರಿಂದ ಒಂದು ಹನಿ ಮಾಮನ ಹಣೆಯ ಮೇಲೆ ಬಿತ್ತು. ಅತ್ತೆ ಅವರನ್ನು ತಡೆದು, ಹೆಗಲ ಬಿಳಿ ಟವಲಿನಿಂದ ಅವನ ಹಣೆ ಒರೆಸಿ, ಟವಲನ್ನು ಬಿಸಿಲಿಗೆ ಹಿಡಿದು ನೋಡಿದಳು. ಬೆಳ್ಳಗೇ ಇತ್ತು.