ಜಲಪಟ್ಟಣದ ಕೊನೆಯ ಅಧ್ಯಾಯ

ಮೂವತ್ತನಾಲ್ಕು ಉತ್ತರಪತ್ರಿಕೆಗಳ ಪೈಕಿ ಮೂವತ್ಮೂರರಲ್ಲಿ ಮಂದಾರ ತನ್ನ ತಂಗಿಯ ಕೈ ಹಿಡಿದು ಊರಿಗೆ ಮರಳಿದ್ದಳು. ಊರಿನ ಹೆಂಗಸರು ಆರತಿ ಎತ್ತಿ ಇಬ್ಬರನ್ನೂ ಬರಮಾಡಿಕೊಂಡಿದ್ದರು. ಒಂದು ಪತ್ರಿಕೆಯಲ್ಲಿ ಮಾತ್ರ ಮಂದಾರ ಮರಳಿರಲಿಲ್ಲ.

ಭಾನುವಾರದ ಮಧ್ಯಾಹ್ನ. ಶೈಲಶ್ರೀ ಆ ಒಂದನ್ನು ಬೇರೆ ತೆಗೆದಿಟ್ಟು, ಪೆನ್ನಿನ ಮುಚ್ಚಳ ಹಾಕಿ, ಕಿಟಕಿಯ ಹತ್ತಿರ ಹೋಗಿ ನಿಂತಳು. ಹಾನಗಲ್ಲಿನ ಪದವಿ ಕಾಲೇಜೊಂದರಲ್ಲಿ ಅವಳು ಆರು ವರ್ಷಗಳಿಂದ ಕನ್ನಡದ ಅತಿಥಿ ಉಪನ್ಯಾಸಕಿ. ವಯಸ್ಸು ನಲವತ್ತೆರಡು. ಮದುವೆಯಾಗಿರಲಿಲ್ಲ. ಸವಣೂರಿನ ಮನೆಯಲ್ಲಿ ಅಣ್ಣ, ವೈನಿ, ಅವರ ಮಕ್ಕಳು ಇದ್ದರು. ಅವ್ವ ತೀರಿಕೊಂಡ ಮೇಲೆ ಅಲ್ಲಿಗೆ ಹೋದರೂ ಇವಳು ನೆಂಟಳಂತೆ ಕುರ್ಚಿಯ ತುದಿಯಲ್ಲಿ ಕೂತು ಬರುತ್ತಿದ್ದಳು. ರಜೆಯ ದಿನ ಸಂಜೆ ಲೆಕ್ಕ ಹಾಕಿದರೆ ಬೆಳಗಿನಿಂದ ಆಡಿದ ಮಾತು ಒಂದೇ ಇರುತ್ತಿತ್ತು: “ಒಂದು ಹಾಲಿನ ಪಾಕೀಟು ಕೊಡ್ರಿ.”

ಆ ವರ್ಷ ಬಿ.ಎ. ವಿದ್ಯಾರ್ಥಿಗಳಿಗೆ ‘ಜಲಪಟ್ಟಣ’ ಎಂಬ ಹಳೆಯ ಅದ್ಭುತರಮ್ಯ ಕಾದಂಬರಿ ಪಠ್ಯವಾಗಿತ್ತು. ಕುಂಬಾರರ ಹುಡುಗಿ ಮಂದಾರ, ಬಾವಿಗೆ ಬಿದ್ದು ಕಾಣೆಯಾದ ತಂಗಿಯನ್ನು ಹುಡುಕುತ್ತ ಆ ಬಾವಿಯ ಮೆಟ್ಟಿಲಿಳಿದು ನೀರಿನ ಕೆಳಗಿರುವ ಪಟ್ಟಣ ಸೇರುತ್ತಾಳೆ. ಅಲ್ಲಿಯ ಜನ ತಾವಾಗಿ ದೀಪ ಹಚ್ಚಲಾರರು. ಮೇಲಿನ ಲೋಕದ ಕೈಯೊಂದು ದಿನಾ ಸಂಜೆ ಬೀದಿಯ ದೀಪಗಳನ್ನು ಹಚ್ಚಬೇಕು. ಇಲ್ಲದಿದ್ದರೆ ಪಟ್ಟಣ ಕತ್ತಲಾಗಿ ಎಲ್ಲರೂ ನಿದ್ದೆಹೋಗುತ್ತಾರೆ, ಮತ್ತೆ ಏಳುವುದಿಲ್ಲ. ಮಂದಾರ ನಾಲ್ಕು ತಿಂಗಳು ದೀಪ ಹಚ್ಚುತ್ತ ತಂಗಿಯನ್ನು ಹುಡುಕುತ್ತಾಳೆ, ಕೊನೆಗೆ ಕಂಡುಹಿಡಿಯುತ್ತಾಳೆ. ಕೊನೆಯ ಅಧ್ಯಾಯದಲ್ಲಿ ತಂಗಿಯನ್ನು ಮೆಟ್ಟಿಲು ಹತ್ತಿಸಿ ಕಳಿಸುತ್ತಾಳೆ, ತಾನು ಅಲ್ಲೇ ಉಳಿಯುತ್ತಾಳೆ.

ವಿದ್ಯಾರ್ಥಿಗಳೆಲ್ಲ ಅವಳನ್ನು ಊರಿಗೆ ಕರೆತಂದದ್ದಕ್ಕೆ ಕಾರಣ ಗೈಡು. ಹುಬ್ಬಳ್ಳಿಯ ಪ್ರಕಾಶಕರೊಬ್ಬರು ಹನ್ನೊಂದು ವರ್ಷದ ಹಿಂದೆ, ಇದೇ ಕಾದಂಬರಿ ಪಠ್ಯವಾಗಿದ್ದಾಗ, ತಂದ ಗೈಡನ್ನೇ ಮತ್ತೆ ಅಚ್ಚುಹಾಕಿದ್ದರು. ಬರೆದವರ ಹೆಸರು ಅದರಲ್ಲಿ ಇರಲಿಲ್ಲ. ಬರೆದವಳು ಶೈಲಶ್ರೀ.

ಅದನ್ನು ಬರೆಯುವಾಗ ಅವಳು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅವ್ವನ ಮಂಚದ ಪಕ್ಕ ಕೂತಿದ್ದಳು. ಶಿಗ್ಗಾವಿಯ ಪರಿಚಯದವರೊಬ್ಬರಿಂದ ಎರವಲು ತಂದ ಹಳೆಯ ಪ್ರತಿಯಲ್ಲಿ ಕೊನೆಯ ಹದಿನೆಂಟು ಪುಟಗಳು ಇರಲಿಲ್ಲ. ಕಾದಂಬರಿ ಆಗ ಎಲ್ಲಿಯೂ ಸಿಗುತ್ತಿರಲಿಲ್ಲ. ಪ್ರಕಾಶಕರು ದಿನಾ ಫೋನು ಮಾಡುತ್ತಿದ್ದರು. ಅವ್ವ ತಾಸಿಗೊಮ್ಮೆ, “ಮನೀಗೆ ಯಾವಾಗ ಹೋಗೂದು ಶೈಲಾ?” ಎಂದು ಕೇಳುತ್ತಿದ್ದಳು. ಶೈಲಶ್ರೀ ಆ ಮಧ್ಯಾಹ್ನ ಮಂದಾರ ಮತ್ತು ಅವಳ ತಂಗಿಯನ್ನು ಮನೆಗೆ ಕಳಿಸಿ, ಆರತಿ ಎತ್ತಿಸಿ, ಹಾಳೆಗಳನ್ನು ಲಕೋಟೆಗೆ ಹಾಕಿದಳು. ಒಂಬತ್ತು ದಿನದ ಮೇಲೆ ಅವ್ವ ಅದೇ ಮಂಚದಲ್ಲಿ ತೀರಿಕೊಂಡಳು.

ಆ ವರ್ಷದ ಜುಲೈನಲ್ಲಿ ಕಾದಂಬರಿಯ ಹೊಸ ಮುದ್ರಣ ಕಾಲೇಜಿನ ಗ್ರಂಥಾಲಯಕ್ಕೆ ಬಂದಾಗ ಶೈಲಶ್ರೀ ಕೊನೆಯ ಅಧ್ಯಾಯವನ್ನು ಮೊದಲ ಸಲ ಓದಿದ್ದಳು. ಯಾರಿಗೂ ಏನೂ ಹೇಳಲಿಲ್ಲ. ಕ್ಲಾಸಿನಲ್ಲಿ ಅದರ ಹಿಂದಿನ ಅಧ್ಯಾಯದವರೆಗೆ ಪಾಠ ಮಾಡಿ, “ಉಳಿದದ್ದು ನೀವ ಓದಿಕೊಳ್ರಿ” ಎಂದು ನಿಲ್ಲಿಸಿದಳು. ಆಮೇಲೆ ಆಂತರಿಕ ಪರೀಕ್ಷೆಯಲ್ಲಿ ಅದನ್ನೇ ಕೇಳಿದಳು: ಕೊನೆಯಲ್ಲಿ ಮಂದಾರ ಏನು ಮಾಡಿದಳು? ಏಕೆ?

ಬೇರೆ ತೆಗೆದಿಟ್ಟ ಪತ್ರಿಕೆ ಭಾಗ್ಯಶ್ರೀ ಎಂಬ ಹುಡುಗಿಯದು. ಆಡೂರಿನಿಂದ ಬಸ್ಸಿಗೆ ಬರುವವಳು, ಹಿಂದಿನ ಬೆಂಚಿನವಳು. ಅಕ್ಷರ ಸೊಟ್ಟ, ಒತ್ತುಗಳು ಅಲ್ಲಲ್ಲಿ ತಪ್ಪಿದ್ದವು. ಅವಳು ಬರೆದಿದ್ದಳು: “ಮಂದಾರ ತಂಗಿಯನ್ನು ಕಳಿಸಿ ತಾನು ಉಳಿದಳು. ಇದನ್ನು ತ್ಯಾಗ ಎನ್ನಬಾರದು. ಮೇಲೆ ಅವಳನ್ನು ಯಾರೂ ಕಾಯುತ್ತಿರಲಿಲ್ಲ. ಕೆಳಗೆ ಸಂಜೆಯಾದರೆ ಒಂದು ಪಟ್ಟಣ ಅವಳ ದಾರಿ ನೋಡುತ್ತಿತ್ತು.”

ಶೈಲಶ್ರೀ ಕಿಟಕಿಯಿಂದ ಬಂದು ಅದನ್ನು ಇನ್ನೊಮ್ಮೆ ಓದಿದಳು. ಹತ್ತಕ್ಕೆ ಹತ್ತು ಹಾಕಿದಳು. ಉಳಿದ ಮೂವತ್ಮೂರಕ್ಕೆ ಆ ಪ್ರಶ್ನೆಯಲ್ಲಿ ಸೊನ್ನೆ ಹಾಕುವಾಗ ಕೈ ತಡೆಯಿತು, ಆದರೂ ಹಾಕಿದಳು.

ಸೋಮವಾರ ಪತ್ರಿಕೆ ಹಂಚಿದ ಅರ್ಧ ತಾಸಿಗೆ ತರಗತಿಯ ಪ್ರತಿನಿಧಿ ಫಕ್ಕೀರೇಶ ಗೈಡು ಹಿಡಿದು ಸ್ಟಾಫ್ ರೂಮಿಗೆ ಬಂದ. ಅವನ ಹಿಂದೆ ಏಳೆಂಟು ಜನ ಇದ್ದರು.

“ಮೇಡಂ, ಇದರಾಗ ಪ್ರಿಂಟ್ ಆಗೇತ್ರಿ,” ಎಂದು ಪುಟ ತೆರೆದು ತೋರಿಸಿದ. “ನಾವು ಅದ್ರಂಗ ಬರದೇವಿ.”

ಹನ್ನೊಂದು ವರ್ಷದ ಹಿಂದಿನ ತನ್ನದೇ ವಾಕ್ಯಗಳು. ಶೈಲಶ್ರೀಗೆ ಅವುಗಳ ಮೇಲೆ ಕಣ್ಣು ನಿಲ್ಲಿಸಲಾಗಲಿಲ್ಲ.

“ನಾ ಕಾದಂಬರಿ ಬಗ್ಗೆ ಕೇಳಿದ್ದೆ, ಗೈಡಿನ ಬಗ್ಗೆ ಅಲ್ಲ,” ಎಂದಳು.

ಹುಡುಗರು ವಿಭಾಗದ ಮುಖ್ಯಸ್ಥ ಬಸವಣ್ಣೆಪ್ಪನವರ ಹತ್ತಿರ ಹೋದರು. ಮಧ್ಯಾಹ್ನ ಅವರು ಶೈಲಶ್ರೀಯನ್ನು ಕರೆಸಿದರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಅವರು ಯಾರ ಮೇಲೂ ದನಿ ಏರಿಸಿದವರಲ್ಲ.

“ಕುಂತ್ಕೋರಿ. ಹುಡುಗ್ರು ಸೊನ್ನಿ ಹಾಕ್ಯಾರ ಅಂತ ಹೇಳಾಕತ್ತಾರಲ್ರಿ.”

“ಉತ್ತರ ತಪ್ಪೈತ್ರಿ ಸರ್. ಗೈಡಿನ್ಯಾಗ ತಪ್ಪೈತಿ.”

“ಇರಬಹುದು. ಆದ್ರ ನಾಳೆ ಯೂನಿವರ್ಸಿಟಿ ಪೇಪರ್ ನೋಡಾವ್ರೂ ಗೈಡ್ ನೋಡೇ ಮಾರ್ಕ್ಸ್ ಹಾಕ್ತಾರ. ನಾನೂ ಹಂಗ ಹಾಕೇನಿ, ಸುಳ್ಳ್ಯಾಕ ಹೇಳಲಿ. ಅಷ್ಟು ಪೇಪರ್ ಮುಂದಿಟ್ರ ಕಾದಂಬರಿ ಓದಾಕ ಯಾರಿಗೆ ಪುರಸೊತ್ತು?” ಅವರು ಕನ್ನಡಕ ತೆಗೆದು ಒರೆಸಿದರು. “ನೀವು ಒಬ್ರ ಇರತೀರಿ. ಇದನ್ನ ಬಾಳ ಮನಸಿಗೆ ಹಚ್ಕೋಬ್ಯಾಡ್ರಿ. ಎಲ್ಲಾರಿಗೂ ಐದು ಐದು ಹಾಕಿಬಿಡ್ರಿ, ಮುಗೀತು.”

ಅವರು ಒಳ್ಳೆಯದಕ್ಕೇ ಹೇಳಿದ್ದರು. ‘ನೀವು ಒಬ್ರ ಇರತೀರಿ’ ಎಂಬ ಮಾತು ಮಾತ್ರ ಅವಳ ಜೊತೆ ಮೆಟ್ಟಿಲಿಳಿದು ಗ್ರಂಥಾಲಯದ ಪಡಸಾಲೆಯವರೆಗೂ ಬಂತು.

ಅಲ್ಲಿ ಭಾಗ್ಯಶ್ರೀ ಗೋಡೆಗೆ ಒರಗಿ ಕೂತಿದ್ದಳು. ಶೈಲಶ್ರೀಯನ್ನು ಕಂಡು ಎದ್ದು ನಿಂತಳು.

“ಕೂಡು. ನೀನೊಬ್ಬಾಕಿನ ಪುಸ್ತಕ ಓದೀದಿ. ಹೆಂಗ?”

“ನಮ್ಮ ಬಸ್ಸು ಎಂಟೂವರಿಗೆ ಬಂದ್ಬಿಡ್ತೈತ್ರಿ. ಕ್ಲಾಸು ಹತ್ತಕ್ಕ. ಅಲ್ಲೀಮಟ ಇಲ್ಲೇ ಕುಂತಿರ್ತೇನ್ರಿ.”

“ಮನಿಯಾಗ ಯಾರ್‍ಯಾರು ಅದಾರ?”

“ಅಕ್ಕನ ಮನಿಯಾಗ ಇರ್ತೇನ್ರಿ.” ಅಷ್ಟೇ ಹೇಳಿ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು.

ಶೈಲಶ್ರೀ ಪಕ್ಕದಲ್ಲಿ ಕೂತಳು. “ಮಂದಾರ ಉಳಿದ್ಲು ಅನ್ನೋದು ಪುಸ್ತಕದಾಗ ಐತಿ. ಮ್ಯಾಲ ಆಕೀನ್ನ ಯಾರೂ ಕಾಯ್ತಿರಲಿಲ್ಲ ಅಂತ ಬರದೀಯಲ್ಲ, ಅದು ಎಲ್ಲೈತಿ?”

“ಐತ್ರಿ ಮೇಡಂ,” ಎಂದಳು ಹುಡುಗಿ ಮೆಲ್ಲಗೆ. “ತಂಗಿ ಬಾವಿಗೆ ಬಿದ್ದಾಗ ಊರಿಗೂರ ಹಗ್ಗ ತಗೊಂಡು ಓಡಿ ಬರ್ತೈತ್ರಿ. ಮಂದಾರ ಇಳದು ಹೋಗಿ ನಾಕು ತಿಂಗಳಾದ್ರೂ ಒಬ್ರೂ ಬಂದು ಇಣಿಕಿ ನೋಡಂಗಿಲ್ಲ. ಕೆಳಗ ನಿಂತು ಆಕಿ ದಿನಾ ಮ್ಯಾಲ ನೋಡ್ತಾಳ. ಬರೇ ಆಕಾಶ ಕಾಣ್ತೈತಿ ಅಂತ ಐತಿ. ಎಲ್ಲರೆ ಯಾರರೆ ಬಂದಾರೇನು ಅಂತ ನಾ ಎರಡ ಸಲ ಓದಿ ನೋಡಿದ್ನಿರಿ. ಯಾರೂ ಬಂದಿಲ್ಲ.”

ಶೈಲಶ್ರೀ ಕಾದಂಬರಿಯನ್ನು ನಾಲ್ಕು ಸಲ ಓದಿದ್ದಳು. ಬಾವಿಯ ಬಾಯಲ್ಲಿ ಬರೀ ಆಕಾಶ ಕಾಣುವ ಆ ವಾಕ್ಯ ಪ್ರತಿ ಅಧ್ಯಾಯದಲ್ಲೂ ಬರುತ್ತದೆ ಎಂಬುದು ಅವಳಿಗೂ ಗೊತ್ತಿತ್ತು. ಅದನ್ನು ಬಾವಿಯ ವರ್ಣನೆ ಎಂದು ಪಾಠ ಮಾಡಿದ್ದಳು.

“ನಾ ಅದನ್ನ ನೋಡಿರಲಿಲ್ಲ,” ಎಂದಳು. ಆಮೇಲೆ, ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು ಈ ಹುಡುಗಿಗೆ ಹೇಳಿದಳು: ಆಸ್ಪತ್ರೆ, ಅವ್ವ, ಇಲ್ಲದ ಹದಿನೆಂಟು ಪುಟ. “ಯಾರರೆ ಒಬ್ರು ಮನೀಗೆ ಹೋಗ್ಲಿ ಅನಿಸಿತ್ತು ನನಗ. ಅದಕ್ಕ ಹಂಗ ಬರದೆ.”

ಭಾಗ್ಯಶ್ರೀ ಚೀಲದಿಂದ ನೀರಿನ ಬಾಟಲಿ ತೆಗೆದು ಕೊಟ್ಟಳು. ಶೈಲಶ್ರೀ ಕುಡಿದಳು.

ಮರುದಿನ ಕ್ಲಾಸಿನಲ್ಲಿ ಹಾಜರಿ ಮುಗಿದ ಮೇಲೆ ಶೈಲಶ್ರೀ ಫಕ್ಕೀರೇಶನ ಗೈಡನ್ನು ಕೇಳಿ ಪಡೆದು ಎತ್ತಿ ಹಿಡಿದಳು.

“ಇದನ್ನ ಬರದಾಕಿ ನಾನ,” ಎಂದಳು. “ಕಡೀ ಅಧ್ಯಾಯ ನನ್ನ ಕಡೆ ಇರಲಿಲ್ಲ. ಓದಲಾರ್ದನ ಮನಸಿಗೆ ಬಂದದ್ದು ಬರದೆ. ನಿಮಗ ಸೊನ್ನಿ ಹಾಕೇನಲ್ಲ, ಅದು ಮೊದಲು ನನಗ ಬೀಳಬೇಕಾಗಿತ್ತು.”

ಮುಂದಿನ ಬೆಂಚಿನ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಬೈಗುಳವೋ ನಗೆಯೋ ಏನಾದರೂ ಬರಬಹುದೆಂದು ಶೈಲಶ್ರೀ ಕಾದಳು. ಫಕ್ಕೀರೇಶ ಎದ್ದು ನಿಂತ.

“ಹಂಗಾದ್ರ ಪರೀಕ್ಷೆಯೊಳಗ ಏನ್ ಬರೀಬೇಕ್ರಿ ಮೇಡಂ?”

“ಪುಸ್ತಕ ಓದಿ, ನಿಮಗ ತಿಳಿದದ್ದು ಬರೀರಿ.”

“ತಿಳಿದದ್ದು ಬರದ್ರ ಅವರು ಮಾರ್ಕ್ಸ್ ಕೊಡ್ತಾರೇನ್ರಿ?”

“ಅದನ್ನ ನಾ ಹೇಳಲಾರೆ.”

ಅವನು ಕೂತ. ಅವನ ಪ್ರಶ್ನೆಯಲ್ಲಿ ಉದ್ಧಟತನ ಇರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಅಂಕ ಅಷ್ಟೇ. ಶೈಲಶ್ರೀ ಕಾದಂಬರಿ ತೆರೆದು ಕೊನೆಯ ಅಧ್ಯಾಯವನ್ನು ಗಟ್ಟಿಯಾಗಿ ಓದತೊಡಗಿದಳು. ಗಂಟೆ ಹೊಡೆದಾಗ ಇನ್ನೂ ಐದು ಪುಟ ಇದ್ದವು. “ಹೋಗಾವ್ರು ಹೋಗ್ರಿ,” ಎಂದು ಓದು ಮುಂದುವರಿಸಿದಳು. ಹೆಚ್ಚಿನವರು ಹೋದರು. ಮುಗಿಸಿ ತಲೆ ಎತ್ತಿದಾಗ ಹನ್ನೊಂದು ಜನ ಕೂತಿದ್ದರು. ಫಕ್ಕೀರೇಶನೂ ಇದ್ದ, ಗೈಡಿಗಾಗಿ ಕಾಯುತ್ತಿದ್ದನೋ ಏನೋ.

ಆಂತರಿಕ ಪರೀಕ್ಷೆಯನ್ನು ಅವಳು ಆ ಮೂವತ್ಮೂರು ಜನರಿಗೆ ಇನ್ನೊಮ್ಮೆ ಮಾಡಿದಳು. ಈ ಸಲ ಇಪ್ಪತ್ತು ಜನ ಮಂದಾರಳನ್ನು ಕೆಳಗೇ ಉಳಿಸಿದರು, ಇಪ್ಪತ್ತೂ ಜನ ಅದನ್ನು ತ್ಯಾಗ ಎಂದು ಬರೆದರು. ಶೈಲಶ್ರೀ ಅಂಕ ಕೊಟ್ಟಳು. ಪ್ರಕಾಶಕರಿಗೂ ವಿಶ್ವವಿದ್ಯಾಲಯಕ್ಕೂ ಪತ್ರ ಬರೆದಳು. ವಿಶ್ವವಿದ್ಯಾಲಯದಿಂದ ಉತ್ತರ ಬರಲಿಲ್ಲ. ಪ್ರಕಾಶಕರ ಕಡೆಯಿಂದ ಒಬ್ಬ ಹುಡುಗಿ ಫೋನು ಮಾಡಿ, ಹಳೆಯ ಕಡತದಲ್ಲಿ ಬರೆದವರ ಹೆಸರೇ ಇಲ್ಲ, ಇರುವ ಪ್ರತಿಗಳು ಖಾಲಿಯಾಗಲಿ, ಆಮೇಲೆ ನೋಡೋಣ ಎಂದಳು.

ಬಸವಣ್ಣೆಪ್ಪನವರು ಒಂದು ದಿನ ಅವಳ ಮೇಜಿನ ಹತ್ತಿರ ನಿಂತು, “ಆ ಪುಸ್ತಕ ನನಗೂ ಒಂದೀಟು ಕೊಡ್ರಿ,” ಎಂದು ತೆಗೆದುಕೊಂಡು ಹೋದರು. ಓದಿದರೋ ಇಲ್ಲವೋ ಹೇಳಲಿಲ್ಲ. ಪುಸ್ತಕ ಹಿಂದಿರುಗಿಸುವಾಗ ಅದಕ್ಕೆ ಕಂದು ಹಾಳೆಯ ಹೊದಿಕೆ ಹಾಕಿ ತಂದಿದ್ದರು.

ಸೆಮಿಸ್ಟರ್ ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂತು. ಫಲಿತಾಂಶದಲ್ಲಿ ಫಕ್ಕೀರೇಶನಿಗೆ ಎಪ್ಪತ್ತೊಂದು, ಭಾಗ್ಯಶ್ರೀಗೆ ಐವತ್ತಾರು.

“ಕಾಗುಣಿತ ತಪ್ಪಾಗಿರ್ತಾವ್ರಿ,” ಎಂದಳು ಭಾಗ್ಯಶ್ರೀ.

“ಇರ್ತಾವು. ಆದ್ರ ಬರೇ ಅದಕ್ಕ ಅಲ್ಲ.”

“ಗೊತ್ತೈತ್ರಿ. ಗೊತ್ತಿದ್ದ ಬರದೇನಿ.”

ಜೂನಿನಲ್ಲಿ ಅತಿಥಿ ಉಪನ್ಯಾಸಕರ ಹೊಸ ಪಟ್ಟಿ ಬಂದಾಗ ಶೈಲಶ್ರೀಗೆ ಹಿರೇಕೆರೂರು ಸಿಕ್ಕಿತು. ಅದು ಯಾರೋ ಬೇಕೆಂದು ಮಾಡಿದ್ದಲ್ಲ. ಪ್ರತಿ ವರ್ಷ ಹೀಗೆ ಯಾರಾದರೂ ಎಲ್ಲಿಗಾದರೂ ಹೋಗುತ್ತಾರೆ. ಎರಡು ಚೀಲ, ಒಂದು ಪೆಟ್ಟಿಗೆ ಪುಸ್ತಕ ಬಸ್ಸಿಗೇರಿಸಿದಳು. ಹಿರೇಕೆರೂರಿನ ಬಾಡಿಗೆ ಕೋಣೆ ಮೊದಲಿನದಕ್ಕಿಂತ ದೊಡ್ಡದು. ಅದರಿಂದಾಗಿ ಇನ್ನಷ್ಟು ಬರಿದೆನಿಸಿತು. ಮೊದಲ ವಾರ ಗೋಡೆಗೆ ಮೊಳೆ ಹೊಡೆಯುವುದರಲ್ಲಿ, ಗ್ಯಾಸಿನ ವಿಳಾಸ ಬದಲಿಸುವುದರಲ್ಲಿ ಹೋಯಿತು. ಎರಡನೆಯ ವಾರ ಮಾಡಲು ಏನೂ ಇರಲಿಲ್ಲ.

ಒಂದು ಶನಿವಾರ ಸಂಜೆ ಅವಳು ಅಕ್ಕಿ ಆರಿಸುತ್ತಿದ್ದಾಗ ಫೋನು ಬಂತು. ಗೊತ್ತಿಲ್ಲದ ನಂಬರು.

“ಮೇಡಂ, ನಾನ್ರಿ, ಭಾಗ್ಯಶ್ರೀ. ಅಕ್ಕನ ಫೋನಿನಿಂದ ಮಾಡಾಕತ್ತೇನ್ರಿ.”

“ಹೇಳವ್ವಾ. ಏನರೆ ಕೆಲಸಿತ್ತೇನು?”

“ಏನಿಲ್ರಿ. ಸುಮ್ಮನ.” ಆ ಕಡೆ ಯಾರೋ ಪಾತ್ರೆ ತೊಳೆಯುವ ಸದ್ದು. “ಅಲ್ಲಿ ಮಳಿ ಐತೇನ್ರಿ?”

“ಮುಂಜಾನೆ ಆಗೇತಿ. ಅಲ್ಲಿ?”

“ಇಲ್ಲೂ ಮುಂಜಾನೇನ ಆಗೇತ್ರಿ.”

ಶೈಲಶ್ರೀ ಅಡಿಗೆ ಏನೆಂದು ಕೇಳಿದಳು. ಭಾಗ್ಯಶ್ರೀ ಹೇಳಿದಳು, ತಿರುಗಿ ಕೇಳಿದಳು. ಶೈಲಶ್ರೀ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿ ಹಿಡಿದು, ಮೊರದಲ್ಲಿ ಉಳಿದಿದ್ದ ಅಕ್ಕಿಯನ್ನು ಆರಿಸುತ್ತ, ಅನ್ನ ಮತ್ತು ಬದನೆಕಾಯಿ ಪಲ್ಯವೆಂದು ಹೇಳಿದಳು, ಬದನೆಕಾಯಿ ಇಲ್ಲಿ ಎಲ್ಲಿ ಸಿಗುತ್ತವೆ, ಎಂಥವು ಸಿಗುತ್ತವೆ ಎಂಬುದನ್ನೂ ಹೇಳಿದಳು.