ಕಾಗೆ ಇಲ್ಲದ ಊರಿಗೆ ಹೋಗಿ ಬಂದ ಡಬ್ಬಿ

ನಾನು ಒಂದು ಊಟದ ಡಬ್ಬಿ. ಸ್ಟೀಲಿನದು, ದುಂಡಗಿನದು, ಮುಚ್ಚಳಕ್ಕೆ ಎರಡು ಕ್ಲಿಪ್ಪು. ಎಲ್ಲಿ ಹುಟ್ಟಿದೆ ಎಂದು ಕೇಳಬೇಡಿ, ಗೊತ್ತಿಲ್ಲ. ಭಾರೀ ಯಂತ್ರವೊಂದು ಧಡ್ ಎಂದು ನೆತ್ತಿಯ ಮೇಲೆ ಕೂತದ್ದು ಮಾತ್ರ ನೆನಪಿದೆ. ಹಾಳೆಯಾಗಿದ್ದ ನಾನು ಆ ಒಂದೇ ಏಟಿಗೆ ಡಬ್ಬಿಯಾದೆ. ಮೈಯಲ್ಲಿದ್ದ ಅರಿವೂ ಆ ಏಟಿಗೇ ಹೋಯಿತೋ ಏನೋ, ಆಮೇಲೆ ನನಗೆ ಯಾವುದೂ ಅಷ್ಟಾಗಿ ತಟ್ಟಿಲ್ಲ. ಬಿಸಿ ಹಾಕಿದರೆ ಬಿಸಿಯಾಗುತ್ತೇನೆ, ಬಿಟ್ಟರೆ ಆರುತ್ತೇನೆ.

ಮಂಡ್ಯದ ಗುತ್ತಲು ರಸ್ತೆಗೆ ನನ್ನನ್ನು ತಂದವಳು ಹಳೇ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸು. ತಲೆಯ ಮೇಲಿನ ಬುಟ್ಟಿ ಇಳಿಸಿ ಕೂತಳು. ಸಣ್ಣತಾಯಮ್ಮ ಗಂಡನ ಎರಡು ಪ್ಯಾಂಟು, ತನ್ನದೊಂದು ಸೀರೆ ಮುಂದಿಟ್ಟಳು. "ಇನ್ನೊಂದು ಸೀರೆ ಹಾಕವ್ವ, ಈ ಡಬ್ಬಿ ಗಟ್ಟಿ ಮಾಲು" ಎಂದಳು ಅವಳು. "ಗಟ್ಟಿ ಆದ್ರೇನು, ಇದೇನು ಮಾತಾಡ್ತದಾ?" ಎಂದಳು ಇವಳು. ಕೊನೆಗೆ ಒಂದು ಹರಿದ ಟವೆಲ್ಲಿನ ಮೇಲೆ ವ್ಯಾಪಾರ ಕುದುರಿತು. ಹರಿದ ಟವೆಲ್ಲು, ನನ್ನ ಬೆಲೆ ಅದು. ಪೇಟೆ ಬೀದಿಯಲ್ಲಿ ಸೂಜಿಯಂಥ ಯಂತ್ರದಿಂದ ಟರ್ರೆಂದು ನನ್ನ ಹೊಟ್ಟೆಯ ಮೇಲೆ ಹೆಸರು ಕೊರೆಸಿದರು: ಮಾಯಿಗಯ್ಯ.

ಮಾಯಿಗಯ್ಯ ಸಣ್ಣತಾಯಮ್ಮನ ಗಂಡ. ಸರ್ಕಾರಿ ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರು. ಸೀಸೆಯೊಳಗಿನ ಕಪ್ಪೆ, ಹಾವುಗಳ ಧೂಳು ಒರೆಸುವುದು, ಹುಡುಗರು ಮುರಿದ ಸ್ಲೈಡು ಎತ್ತುವುದು ಅವನ ಕೆಲಸ. ಗೋಡೆಯ ಮೇಲೊಂದು ಹಳೇ ಪಟವಿತ್ತು. ನಡುಸಮುದ್ರದ ದ್ವೀಪಗಳು, ಗಾಲಾಪಗೋಸ್ ಅಂತ ಹೆಸರು. ಬಗೆಬಗೆ ಕೊಕ್ಕಿನ ಗುಬ್ಬಿಗಳು, ನೀಲಿ ಕಾಲಿನ ಒಂದು ಹಕ್ಕಿ. ಅವನು ದಿನಾ ಅದರ ಕೆಳಗೆ ಕೂತು ನನ್ನನ್ನು ಬಿಚ್ಚಿ ಉಣ್ಣುತ್ತಿದ್ದ. ಹತ್ತೊಂಬತ್ತು ವರ್ಷ, ಒಂದೇ ಜಾಗ, ಒಂದೇ ಪಟ.

ನಿವೃತ್ತಿಗೆ ಎರಡು ತಿಂಗಳಿರುವಾಗ ಅವನು ಬೆಂಗಳೂರಿನ ಟೂರಿನವರ ಪುಸ್ತಕ ತಂದ. ದಕ್ಷಿಣ ಅಮೆರಿಕಾದಲ್ಲಿ ಕೀಟೋ ಅನ್ನುವ ಬೆಟ್ಟದ ಮೇಲಿನ ಹಳೇ ಪಟ್ಟಣ, ಅಲ್ಲಿಂದ ವಿಮಾನ, ಆಮೇಲೆ ಹಡಗಿನಲ್ಲಿ ದ್ವೀಪಗಳು. "ನಿವೃತ್ತಿ ದುಡ್ಡಲ್ಲಿ ಇಬ್ರೂ ಹೋಗ್ಬುಟ್ಟು ಬರಾನ ಕಣಮ್ಮಿ" ಎಂದ. ಸಣ್ಣತಾಯಮ್ಮ ನನ್ನೊಳಗೆ ಅನ್ನ ಬಸ್ಸಾರು ತುಂಬುತ್ತಿದ್ದಳು. ಮಾತಿಗೆ ಮಾತು ಬೆಳೆಯಿತು. "ಹಕ್ಕಿ ನೋಡಕ್ಕೆ ಸಮುದ್ರ ದಾಟ್ಬೇಕಾ? ಹಿತ್ಲಲ್ಲಿ ಕಾಗೆ ಇಲ್ವಾ, ಅದ್ನೇ ನೋಡ್ಕಂಡು ಕೂತ್ಕಳಿ!" ಎಂದು ಮುಚ್ಚಳ ಕುಕ್ಕಿ ಕೈಗೆ ಕೊಟ್ಟಳು. ಅವನು ನನ್ನನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದ.

ಊಟದ ಹೊತ್ತಿಗೆ ಮುಂಚೆಯೇ ಲ್ಯಾಬಿನ ಸ್ಟೂಲಿನ ಮೇಲೆ ಕೂತಿದ್ದವನು ಹಾಗೇ ವಾಲಿದ. ನಾನು ಚೀಲದಲ್ಲಿದ್ದೆ. ಸಂಜೆ ಅವನ ದೇಹ ಮನೆಗೆ ಬಂತು, ಹಿಂದೆ ನಾನೂ ಬಂದೆ. ಹೆಂಗಸರೆಲ್ಲ ಎದೆ ಬಡಿದುಕೊಂಡು ಅಳುತ್ತಿದ್ದಾಗ ಸಣ್ಣತಾಯಮ್ಮ ಅಡುಗೆಮನೆಗೆ ಬಂದು ನನ್ನ ಮುಚ್ಚಳ ತೆಗೆದಳು. ಒಂದು ಅಗುಳೂ ಕದಲಿರಲಿಲ್ಲ. "ಹಸ್ಕಂಡೇ ಹೋದ್ರು" ಎಂದಳು. ಚೆಲ್ಲಿದಳು, ತೊಳೆದಳು, ಬೋರಲು ಹಾಕಿದಳು. ಅಳಲಿಲ್ಲ. ಆಮೇಲೂ ಅಳಲಿಲ್ಲ. ಜನ ಅವಳನ್ನು ಕಲ್ಲು ಅಂದರು. ನಾನೇನೂ ಅನ್ನಲಿಲ್ಲ, ನಾನು ಸ್ಟೀಲು.

ನಮ್ಮ ಕಡೆ ಹನ್ನೊಂದನೇ ದಿನ ತಾರಸಿ ಮೇಲೆ ಎಡೆ ಇಡುತ್ತಾರೆ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯಲ್ಲಿಟ್ಟು, ಕಾಗೆ ಬಂದು ಮುಟ್ಟುವ ತನಕ ಯಾರೂ ಉಣ್ಣುವುದಿಲ್ಲ. ಕಾಗೆ ಬಾರದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದರ್ಥ. ಅದೇನೆಂದು ಊಹಿಸಿ, ನಡೆಸಿಕೊಡುತ್ತೇವೆ ಎಂದು ಕೂಗಿ ಹೇಳಬೇಕು. ಎಲೆಯ ಪಕ್ಕ ಬಸ್ಸಾರನ್ನ ತುಂಬಿ ನನ್ನನ್ನೂ ಇಟ್ಟಿದ್ದರು. ಕಾಗೆಗಳು ಎದುರು ಮನೆಯ ನೀರಿನ ಟ್ಯಾಂಕಿನ ಮೇಲೆ ಕೂತು ನೋಡಿದವು, ಬರಲಿಲ್ಲ. "ಮಗಳ ಬಾಣಂತನ ಚೆನ್ನಾಗಿ ಮಾಡ್ತೀವಿ, ಬಾರಪ್ಪ" ಎಂದರು ಒಬ್ಬರು. ಬರಲಿಲ್ಲ. "ಗದ್ದೆ ಮಾರಕಿಲ್ಲ, ಬಾ" ಎಂದರು. ಊಹೂಂ. ಕೆಳಗೆ ನೆಂಟರಿಗೆ ಹೊಟ್ಟೆ ತಾಳ ಹಾಕುತ್ತಿತ್ತು.

ಆಗ ಮಾಯಿಗಯ್ಯನ ಅಕ್ಕ ದುಂಡಮ್ಮ ಮುಂದೆ ಬಂದಳು. ಬಾಯಿ ಜೋರು, ಮನಸ್ಸು ಬೆಣ್ಣೆ. "ಆ ಹಕ್ಕಿ ದ್ವೀಪಕ್ಕೆ ಹೋಗ್ಬುಟ್ಟು ಬತ್ತೀನಿ ಅನ್ನಮ್ಮಿ" ಎಂದು ಸಣ್ಣತಾಯಮ್ಮನನ್ನು ತಿವಿದಳು. ಅವಳು ಪಾಠ ಒಪ್ಪಿಸುವಂತೆ ಹೇಳಿದಳು: "ಹೋಗ್ಬುಟ್ಟು ಬತ್ತೀನಿ." ಒಂದು ಕಾಗೆ ಸುಯ್ಯೆಂದು ಇಳಿದು ವಡೆ ಕಚ್ಚಿಕೊಂಡು ಹಾರಿತು. ಎಲ್ಲರೂ ಉಸ್ಸಪ್ಪಾ ಎಂದು ಊಟಕ್ಕೆ ಓಡಿದರು. ಅದು ನನ್ನೊಳಗಿನ ಅನ್ನ ಮುಟ್ಟಲಿಲ್ಲ. ಸಣ್ಣತಾಯಮ್ಮ ಮಾತ್ರ ಅದನ್ನು ಕಂಡಳು.

ಕಾಗೆಯ ಮುಂದೆ ಆಡಿದ ಮಾತು, ತಪ್ಪುವ ಹಾಗಿಲ್ಲ. ಮಾಯಿಗಯ್ಯನ ಲೆಕ್ಕಕ್ಕೆ ಬಂದ ದುಡ್ಡಲ್ಲಿ ಸಣ್ಣತಾಯಮ್ಮನೂ ದುಂಡಮ್ಮನೂ ಹೊರಟರು. ಟೂರಿನ ತಾರೀಕು ನೋಡಿದರೆ ವರ್ಷದ ಎಡೆಯ ದಿನ ಹಡಗಿನ ಮೇಲೆ ಬೀಳುತ್ತಿತ್ತು. "ಅಲ್ಲೇ ಇಟ್ರಾಯ್ತು ಬುಡು. ಕಾಗೆ ಇಲ್ದಿರೋ ದೇಶ ಯಾವ್ದದೆ?" ಎಂದಳು ದುಂಡಮ್ಮ. ಬಸ್ಸಾರಿಗೆಂದು ಅವನಿಗೆ ಇಷ್ಟವಾದ ಹುರುಳಿಕಾಳನ್ನು ನನ್ನೊಳಗೆ ತುಂಬಿದರು, ಖಾರದ ಪುಡಿಯನ್ನು ಬೇರೆ ಪೊಟ್ಟಣ ಕಟ್ಟಿದರು. ಈ ಸಲವಾದರೂ ಅವನು ಅನ್ನ ಉಣ್ಣಬೇಕು. ಸಣ್ಣತಾಯಮ್ಮನಿಗೆ ಅದೊಂದೇ ಬೇಕಾಗಿತ್ತು. ನೀಲಿ ಕಾಲೂ ಬೇಡ, ಕೆಂಪು ಕಾಲೂ ಬೇಡ.

ಕೀಟೋ ಪಟ್ಟಣ ಒಂಬತ್ತು ಸಾವಿರ ಅಡಿ ಎತ್ತರದಲ್ಲಿದೆ. ಕಲ್ಲು ಹಾಸಿದ ಕಡಿದಾದ ಬೀದಿಗಳು, ಬಿಳಿ ಗೋಡೆ, ಮಣ್ಣಿನ ಹೆಂಚು. ನಾಲ್ಕು ಹೆಜ್ಜೆಗೆ ಎಲ್ಲರಿಗೂ ಏದುಸಿರು. "ನಮ್ ಚಾಮುಂಡಿ ಬೆಟ್ಟ ಇದ್ರ ಮುಂದೆ ಕೂಸು ಕಣೆ" ಎಂದು ದುಂಡಮ್ಮ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಒಳಗೆಲ್ಲ ಚಿನ್ನದ ರೇಕು ಹೊದಿಸಿದ ಹಳೇ ಇಗರ್ಜಿಗೆ ಕರೆದೊಯ್ದರು. ಟೂರಿನ ಮ್ಯಾನೇಜರ್ ಸುಹಾಸ್ ಬೆಂಗಳೂರಿನ ಹುಡುಗ, ಒಳ್ಳೆಯವನು. "ಹೇಗಿದೆ ಅಮ್ಮಾ?" ಎಂದು ಕೇಳಿದ. "ಚೆನ್ನಾಗದೆ" ಎಂದಳು ಸಣ್ಣತಾಯಮ್ಮ. ಭೂಮಿಯ ನಡುಗೆರೆಯ ಮೇಲೆ ಒಂದು ಕಾಲು ಆಚೆ, ಒಂದು ಕಾಲು ಈಚೆ ಇಟ್ಟು ಎಲ್ಲರೂ ಫೋಟೋ ತೆಗೆಸಿಕೊಂಡರು. ಅವಳನ್ನೂ ನಿಲ್ಲಿಸಿದರು. ಅದೂ ಚೆನ್ನಾಗದೆ.

ದ್ವೀಪಕ್ಕೆ ಹೋಗುವ ವಿಮಾನದ ಮುಂಚೆ ತಪಾಸಣೆ. ಅಧಿಕಾರಿ ನನ್ನ ಮುಚ್ಚಳ ತೆಗೆದು ಹುರುಳಿಕಾಳು ಕಂಡು ತಲೆ ಅಲ್ಲಾಡಿಸಿದ. ಹೊರಗಿನ ಒಂದು ಬೀಜವೂ ಆ ಮಣ್ಣಿಗೆ ಬೀಳುವಂತಿಲ್ಲ ಎಂದು ಸುಹಾಸ್ ವಿವರಿಸಿದ. ಅಧಿಕಾರಿ ಪುಡಿಯನ್ನು ಮೂಸಿ, ಸೀನಿ, ವಾಪಸು ಕೊಟ್ಟ. ಕಾಳನ್ನೆಲ್ಲ ಜರ್ರೆಂದು ಕಸದ ಬುಟ್ಟಿಗೆ ಸುರಿದ. "ಅಯ್ಯೋ ಇವ್ನ ಮನೆ ಎಕ್ಕುಟ್ಟೋಗ! ಸತ್ತೋರ ಕಾಳು ಕಣೋ ಅದು!" ಎಂದು ದುಂಡಮ್ಮ ಕೂಗಾಡಿದಳು. ಸಣ್ಣತಾಯಮ್ಮ ಖಾಲಿಯಾದ ನನ್ನನ್ನು ಇಸಿದುಕೊಂಡು ಸೆರಗಿನಲ್ಲಿ ಒರೆಸಿದಳು, ಅಷ್ಟೇ.

ಹಡಗು ಸಣ್ಣದು, ಹದಿನಾರು ಜನರದ್ದು. ಗೈಡು ಸೆಗುಂಡೋ ಗಿಡ್ಡ, ಗಟ್ಟಿಮುಟ್ಟಾದ ಆಳು. ಆ ದ್ವೀಪಗಳಲ್ಲಿ ಪ್ರಾಣಿಗಳಿಗೆ ಮನುಷ್ಯರ ಭಯವೇ ಇಲ್ಲ. ಕಡಲಸಿಂಹಗಳು ದಾರಿಗೆ ಅಡ್ಡ ಮಲಗಿ ಆಕಳಿಸುತ್ತವೆ, ನಾವೇ ಸುತ್ತಿ ಹೋಗಬೇಕು. ನೀಲಿ ಕಾಲಿನ ಹಕ್ಕಿ ಎರಡು ಮಾರು ದೂರದಲ್ಲಿ ಒಂದೊಂದೇ ಕಾಲೆತ್ತಿ ತೋರಿಸುತ್ತ ಹೆಣ್ಣಿನ ಮುಂದೆ ಕುಣಿಯಿತು. "ಹೊಸಾ ಚಪ್ಲಿ ತಗಂಡಿರೋ ಮದುವೆ ಗಂಡು ನೋಡೇ!" ಎಂದು ದುಂಡಮ್ಮ ಹೊಟ್ಟೆ ಹಿಡಿದು ನಕ್ಕಳು. ಸಣ್ಣತಾಯಮ್ಮ ನೋಡಿದಳು. ಕೊಟ್ಟ ಮಾತಿನ ಆ ಭಾಗ ಮುಗಿಯಿತು ಎಂಬಂತೆ ತಿರುಗಿ ನಡೆದಳು. ಹತ್ತೊಂಬತ್ತು ವರ್ಷ ಒಬ್ಬನು ಕನಸಿದ ಹಕ್ಕಿ, ಅವಳಿಗೆ ಅರೆ ನಿಮಿಷಕ್ಕೆ ಸಾಕಾಯಿತು.

ಮೂರನೆಯ ದಿನ ಎಡೆ. ಸುಹಾಸ್ ಅಡುಗೆಯವನನ್ನು ಒಪ್ಪಿಸಿ ಒಂದು ಒಲೆ ಬಿಡಿಸಿಕೊಟ್ಟ. ಹಡಗಿನಲ್ಲಿದ್ದ ಯಾವುದೋ ಕಾಳು, ಯಾವುದೋ ಸೊಪ್ಪು, ಮನೆಯ ಖಾರದ ಪುಡಿ. ಅಂತೂ ಬಸ್ಸಾರಿನ ಹತ್ತಿರಕ್ಕೆ ಬಂತು. ನನ್ನನ್ನು ತುಂಬಿ ಹಿಂದಿನ ಡೆಕ್ಕಿನ ಕಟ್ಟೆಯ ಮೇಲೆ ಮುಚ್ಚಳ ತೆಗೆದಿಟ್ಟರು. "ಈಗ ಕಾಗೆ ಎಲ್ಲಿಂದ ಬತ್ತದೆ ಕೇಳಪ್ಪ" ಎಂದಳು ದುಂಡಮ್ಮ. ಸುಹಾಸ್ ಸೆಗುಂಡೋನನ್ನು ಕೇಳಿ ಬಂದ. ಅವನ ಮುಖ ಸಪ್ಪಗಿತ್ತು.

"ಇಲ್ಲಿ ಕಾಗೆ ಇಲ್ವಂತೆ ಅಮ್ಮಾ. ಈ ದ್ವೀಪದಲ್ಲಿ ಮಾತ್ರ ಅಲ್ಲ, ಇಡೀ ದಕ್ಷಿಣ ಅಮೆರಿಕಾದಲ್ಲೇ ಇಲ್ವಂತೆ."

"ಕಾಗೆ ಇಲ್ದಿದ್ರೆ ಅದೊಂದು ಊರಾ? ಇಲ್ಲಿ ಸತ್ತೋರೆಲ್ಲ ಉಪ್ವಾಸನಾ?" ದುಂಡಮ್ಮ ದಂಗಾದಳು. ಅಷ್ಟರಲ್ಲಿ ಮೇಲೆ ದೊಡ್ಡದೊಂದು ಕರೀ ಕಡಲಹಕ್ಕಿ ಸುತ್ತತೊಡಗಿತು. "ಅಗೋ, ಕರ್ರಗದೆ! ಕಾಗೆ ಕುಲಾನೇ ಇರ್ಬೇಕು. ಬಾರೋ ತಮ್ಮಾ, ಬಾ!"

ಸೆಗುಂಡೋ ಓಡಿ ಬಂದು ನನ್ನ ಮುಚ್ಚಳ ಹಾಕಿ ಅದುಮಿ ಹಿಡಿದ. ಹಕ್ಕಿಗೆ ಒಂದು ಅಗುಳು ಹಾಕಿದರೂ ಹಡಗಿನ ಪರವಾನಗಿ ಹೋಗುತ್ತದಂತೆ, ಸಮುದ್ರಕ್ಕೂ ಎಸೆಯುವಂತಿಲ್ಲವಂತೆ. ಸಣ್ಣತಾಯಮ್ಮ ಅವನ ಕೈ ಮೇಲೆ ಕೈ ಇಟ್ಟಳು. ಒಂದು ವರ್ಷದಲ್ಲಿ ಅವಳು ಯಾವುದನ್ನೂ ಅಷ್ಟು ಗಟ್ಟಿಯಾಗಿ ಹಿಡಿದದ್ದನ್ನು ನಾನು ಕಂಡಿರಲಿಲ್ಲ.

"ಬುಡಪ್ಪಾ. ಅವ್ರು ಹಸ್ಕಂಡು ಹೋದ್ರು. ನಾನು ಬಯ್ಯದೆ ಕೊಟ್ಟಿದ್ರೆ ದಾರೀಲಿ ಎರಡು ತುತ್ತು ತಿಂದಿರೋರೋ ಏನೋ. ಕಾಗೆ ವಡೆ ತಿಂತು, ಅನ್ನ ಮುಟ್ನಿಲ್ಲ. ನಾನು ನೋಡ್ದೆ. ಇವತ್ತೂ ಮುಟ್ದಿದ್ರೆ ನಾನು ಯಾವ ಮಕ ಇಟ್ಕಂಡು ಊರಿಗೆ ಹೋಗ್ಲಿ?"

ದುಂಡಮ್ಮನಿಗೇ ಅದು ಗೊತ್ತಿರಲಿಲ್ಲ. ಸುಹಾಸ್ ತಡವರಿಸುತ್ತ ಇಂಗ್ಲಿಷಿನಲ್ಲಿ ಹೇಳಿದ. ಸೆಗುಂಡೋ ನನ್ನನ್ನು ನೋಡಿದ, ಅವಳನ್ನು ನೋಡಿದ, ಗಡಿಯಾರ ನೋಡಿದ. ಏನೋ ಕೇಳಿದ. ಸುಹಾಸ್ ಅದನ್ನು ಕನ್ನಡದಲ್ಲಿ ಹೇಳಿದ:

"ಹಕ್ಕಿಗೆ ಹಾಕೋ ಹಾಗಿಲ್ಲ, ಎಸೆಯೋ ಹಾಗಿಲ್ಲ. ಅವರದ್ದು ಇನ್ನೂ ಊಟ ಆಗಿಲ್ವಂತೆ. ಅವರೇ ತಿನ್ನಬಹುದಾ ಅಂತ ಕೇಳ್ತಿದಾರೆ."

ದುಂಡಮ್ಮ, "ನನ್ ತಮ್ಮನ ಹೆಸ್ರು ಹೇಳಿ ಉಣ್ಲಿ" ಎಂದಳು. ಸೆಗುಂಡೋ ನನ್ನ ಹೊಟ್ಟೆಯ ಮೇಲಿನ ಅಕ್ಷರ ಬೆರಳಿನಿಂದ ಸವರಿ, ಸುಹಾಸ್ ಹೇಳಿಕೊಟ್ಟಂತೆ "ಮಾಯಿಗಾಯ" ಎಂದ. ಡೆಕ್ಕಿನ ಮೇಲೆ ಚಕ್ಕಳಮಕ್ಕಳ ಕೂತು ಚಮಚದಲ್ಲಿ ಶುರು ಮಾಡಿದ. ಮೂರನೆಯ ತುತ್ತಿಗೆ ಖಾರ ನೆತ್ತಿಗೇರಿತು, ಕಿವಿ ಕೆಂಪಾಯಿತು, ಮೂಗು ಸೋರಿತು. ಬಿಡಲಿಲ್ಲ. ಚಮಚ ತಳದ ಅಂಚಿಗೆ ಹೋಗದಾದಾಗ ಬೆರಳು ಹಾಕಿ ಬಳಿದ. ನನ್ನ ತಳದ ಮೇಲೆ ಉಣ್ಣುವವನ ಬೆರಳು ಆಡಿ ಒಂದು ವರ್ಷವಾಗಿತ್ತು. ಏನೂ ತಟ್ಟದ ನನಗೂ ಅದು ತಟ್ಟಿತು, ಸುಳ್ಳು ಯಾಕೆ ಹೇಳಲಿ.

ಉಂಡು ಮುಗಿಸಿ, ಕಣ್ಣೊರೆಸಿಕೊಂಡು ಅವನು ನನ್ನನ್ನು ಮುಂದೆ ಚಾಚಿದ. ಆ ಸನ್ನೆಗೆ ಯಾರೂ ಅರ್ಥ ಹೇಳಬೇಕಾಗಲಿಲ್ಲ. "ಅದೆ, ತಡೀರಿ" ಎಂದು ಸಣ್ಣತಾಯಮ್ಮ ನನ್ನನ್ನು ಇಸಿದುಕೊಂಡು ಅಡುಗೆಮನೆಗೆ ಬಂದಳು. ಸೌಟಿನಲ್ಲಿ ಅನ್ನ ಎತ್ತಿದಳು. ಹಾಕಲಿಲ್ಲ. ಸೌಟು ಹಿಡಿದಂತೆಯೇ, ಹಡಗಿನ ಅಡುಗೆಯವನು ಕಕ್ಕಾಬಿಕ್ಕಿಯಾಗಿ ನೋಡುತ್ತಿರುವಾಗಲೇ, ಹೋ ಎಂದು ಅತ್ತಳು. ಅತ್ತು ಮುಗಿಸಿ ನನ್ನನ್ನು ತುಂಬಿದಳು.

ಈಗ ನನಗೆ ವಯಸ್ಸಾಗಿದೆ. ಒಂದು ಕ್ಲಿಪ್ಪು ಮುರಿದಿದೆ, ಹೆಸರಿನ ಕೊನೆಯ ಅಕ್ಷರ ಸವೆದಿದೆ. ಅಡುಗೆಮನೆಯ ಕಿಟಕಿಯ ಮೂಲೆಯಲ್ಲಿ ಹೊಟ್ಟೆ ತುಂಬ ಹುಣಸೆಹಣ್ಣು ಇಟ್ಟುಕೊಂಡು ಕೂತಿರುತ್ತೇನೆ. ಲೋಕದ ಅಂಚಿಗೆ ಹೋಗಿ ಬಂದ ಡಬ್ಬಿ ಎಂದು ನನಗೆ ಯಾರೂ ಹಾರ ಹಾಕಿಲ್ಲ, ಬೇಕಾಗಿಯೂ ಇಲ್ಲ.

ಹೋದ ವರ್ಷ ಎಡೆಯ ದಿನ ತಾರಸಿಯ ಮೇಲೆ ಎಲೆ ಹಾಕಿದ್ದರು. ಕಾಗೆಗಳು ಎಂದಿನಂತೆ ಟ್ಯಾಂಕಿನ ಮೇಲೆ ಕೂತು ಸತಾಯಿಸುತ್ತಿದ್ದವು. ಮಧ್ಯಾಹ್ನ ಎರಡಾಯಿತು. ಗೇಟಿನಲ್ಲಿ ಗ್ಯಾಸ್ ಸಿಲಿಂಡರಿನವನು ಕೂಗಿದ. ಸಣ್ಣತಾಯಮ್ಮ ಕೆಳಗಿಳಿದು ಬಂದಳು.

"ಊಟ ಆಯ್ತೇನಪ್ಪ?"

"ಎಲ್ಲಿ ಕಣವ್ವ, ಇನ್ನೂ ಆರು ಮನೆ ಅವೆ."

ಅವಳು ಅವನನ್ನು ಅಡುಗೆಮನೆಯ ಬಾಗಿಲಲ್ಲಿ ಕೂರಿಸಿ ಎಲೆ ಹಾಕಿ ಅನ್ನ ಬಡಿಸಿದಳು. ಮೇಲಿನಿಂದ ದುಂಡಮ್ಮ ಬಗ್ಗಿ ನೋಡಿ ಕಿರುಚಿದಳು: "ಏನೇ ಅದು! ಕಾಗೆ ಇನ್ನೂ ಮುಟ್ಟಿಲ್ಲ ಕಣೇ!"

ಸಣ್ಣತಾಯಮ್ಮ ತಲೆ ಎತ್ತಲಿಲ್ಲ. ಅವನ ಎಲೆಗೆ ಬಸ್ಸಾರು ಬಿಡುತ್ತ ಹೇಳಿದಳು: "ಕಾಗೆ ಕಾಯ್ಲಿ ಬುಡಕ್ಕಾ. ಇವ್ನು ಹಸ್ದವ್ನೆ."